ಎತ್ತು ಕಟ್ಟಿದ ಮಾತು

ನಮ್ಮ ಮನೆಯಲ್ಲಿ ಯಾರಾದರೂ ಹೊರಗೆ ಹೊರಟಾಗ "ಎಲ್ಲಿಗೆ" ಎಂದು ಕೇಳುವಂತಿರಲಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಂತೆಯೇ. ಹಾಗಂತ ಹೊರಟವರು ಎಲ್ಲಿಗೆ ಹೋಗುತ್ತಾರೆಂದು ತಿಳಿಯುವ ಆಸೆಯೇನೂ ಯಾರಿಗೂ ಕಡಿಮೆ ಇರಲಿಲ್ಲ. ಅದಕ್ಕೆ ಅವ್ವ ಬಾಗಿಲ ಹಿಂದೆ ನಿಂತು "ದೂರ ಏನ್ರೀ?" ಎಂದು ಕೇಳುತ್ತಿದ್ದಳು. ಅಪ್ಪಯ್ಯ "ಹಂಗೇ" ಅನ್ನುತ್ತಿದ್ದರು. ಈ ಎರಡು ಮಾತಿನಿಂದ ರೊಟ್ಟಿ ಕಟ್ಟಿಕೊಡಬೇಕೋ ಬೇಡವೋ ಎಂಬುದು ಅವ್ವನಿಗೆ ಅದು ಹೇಗೆ ತಿಳಿಯುತ್ತಿತ್ತೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಒಂದು ಸಲ ಅಪ್ಪಯ್ಯ ಗದ್ದೆಯ ಖಾತೆಯ ಕೆಲಸಕ್ಕೆಂದು ಶಿವಮೊಗ್ಗಕ್ಕೆ ಹೊರಟಿದ್ದರು. ಶಿಕಾರಿಪುರದ ಬಸ್ ಸ್ಟ್ಯಾಂಡ್ ಇನ್ನೇನು ಮುಟ್ಟಬೇಕು, ಎಲೆ ಅಡಿಕೆ ಅಂಗಡಿಯವನು "ಎಲ್ಲಿಗೆ ಹೊಂಟ್ರಿ ಯಜಮಾನ್ರೇ?" ಎಂದು ಕೇಳಿಬಿಟ್ಟ. ಅಪ್ಪಯ್ಯ ಒಂದು ಮಾತೂ ಆಡದೆ ತಿರುಗಿ ಮನೆಗೆ ಬಂದರು. ಜಗಲಿಯ ಮೇಲೆ ಕೂತರು, ಒಂದು ಚೊಂಬು ನೀರು ಕುಡಿದರು, ಮತ್ತೆ ಎದ್ದು ಹೊರಟರು. ಅಷ್ಟರಲ್ಲಿ ಬಸ್ಸು ಹೋಗಿತ್ತು, ಮತ್ತೆ ಮನೆಗೇ ಬಂದರು. "ಬಸ್ಸು ಹೋದ್ರೆ ಹೋಗ್ಲಿ, ಕೆಲ್ಸ ಉಳೀತಲ್ಲ" ಎಂದು ಸಮಾಧಾನದಿಂದ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ನಾನು ಅಡುಗೆಮನೆಗೆ ಓಡಿಹೋಗಿ ನಕ್ಕಿದ್ದೆ.

ಐವತ್ತರ ದಶಕದ ಕೊನೆಯ ಮಾತು ಇದು. ಅಂಜನಾಪುರದ ಕಾಲುವೆ ನೀರು ಹಾಯುವ ಗದ್ದೆ ನಮಗಿತ್ತು, ಊಟಕ್ಕೆ ಬಟ್ಟೆಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮುಂದಿನ ಮಾತಿಗೆ. ನಾಳೆ, ನಾಡಿದ್ದು, ಬರುವ ವರ್ಷ ಎಂಬುವು ನಮ್ಮವರ ಬಾಯಿಂದ ನೇರವಾಗಿ ಹೊರಡುತ್ತಿರಲಿಲ್ಲ. ಈ ಸಲ ನಾಟಿ ಯಾವಾಗ ಎಂದರೆ "ಆದಂಗೆ ಆಗ್ತತೆ". ಮದುವೆಗೆ ಬರ್ತೀರಾ ಎಂದರೆ "ಅವನು ನಡೆಸಿದಂಗೆ". ಮಕ್ಕಳು ಏನಾದರೂ ಬೇಕೆಂದರೆ "ನೋಡಾಣ". ಬೇರೆಯವರ ಮನೆಯಲ್ಲಿ ಏನರ್ಥವೋ ಕಾಣೆ, ನಮ್ಮ ಮನೆಯಲ್ಲಿ ನೋಡಾಣ ಎಂದರೆ ಇಲ್ಲ. ಹೊಸ ಲಂಗಕ್ಕೂ ನೋಡಾಣ, ಗೆಳತಿಯರ ಜೊತೆ ತಾಳಗುಂದದ ಶಾಸನ ನೋಡಿಬರುವುದಕ್ಕೂ ನೋಡಾಣ. ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ ದಸರಾ ರಜೆಯಲ್ಲಿ ಒಂದು ದಿನ ಧೈರ್ಯ ಮಾಡಿ, ಪಾಸಾದರೆ ಶಿವಮೊಗ್ಗದಲ್ಲಿ ಚಿಕ್ಕವ್ವನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗಬಹುದಾ ಎಂದು ಕೇಳಿದೆ. ಅಪ್ಪಯ್ಯ ಪ್ರೀತಿಯಿಂದಲೇ ಅಂದರು, "ನೋಡಾಣ". ಅಲ್ಲಿಗೆ ಮುಗಿಯಿತು. ಅತ್ತು ಕರೆದು ಜಗಳವಾಡೋಣವೆಂದರೆ, "ಆಗುವುದಿಲ್ಲ" ಎಂದಾದರೂ ಯಾರಾದರೂ ಬಾಯಿ ಬಿಟ್ಟು ಹೇಳಬೇಕಲ್ಲ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮೇಷ್ಟ್ರು ಮೈಸೂರು ಕಡೆಯವರು. ನಮ್ಮ ಊರಿನ ಈ ಸುತ್ತುಬಳಸು ಅವರಿಗೆ ಒಗ್ಗುತ್ತಿರಲಿಲ್ಲ. ಒಂದು ಶನಿವಾರ, ಪರೀಕ್ಷೆ ಮುಗಿದ ಮೇಲೆ ನೀವು ಏನು ಮಾಡುತ್ತೀರೆಂದು ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆದು ತನ್ನಿ ಅಂದರು. ಸೋಮವಾರ ಎಲ್ಲರ ಪುಸ್ತಕಗಳನ್ನು ಮೇಜಿನ ಮೇಲೆ ಹೇರಿಕೊಂಡು ಕೂತು, ಕೋಪವೋ ಬೇಸರವೋ ತಿಳಿಯದ ದನಿಯಲ್ಲಿ ಹೇಳಿದರು:

"ಒಬ್ಬನ ಅಪ್ಪ ಅವನನ್ನು ಅಂಗಡೀಲಿ ಕೂರಿಸ್ತಾರಂತೆ. ಇನ್ನೊಬ್ಬನ ಮಾವ ಅವನಿಗೆ ಕೆಲಸ ಕೊಡಿಸ್ತಾರಂತೆ. ಈ ಹೆಣ್ಣುಮಕ್ಕಳಿಗೆಲ್ಲ ದೇವರು ಒಳ್ಳೇದು ಮಾಡ್ತಾನಂತೆ. ಸಂತೋಷ. ನೀವು ಏನು ಮಾಡ್ತೀರಿ? ನಾನು ಅಂತ ಶುರುವಾಗೋ ವಾಕ್ಯ ಒಂದಾದರೂ ಬೇಡವಾ?"

ಹುಡುಗಿಯರು ನಾವು ನಾಲ್ವರು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದೆವು. ನಾಲ್ವರೂ ಒಟ್ಟಿಗೇ ತಲೆ ತಗ್ಗಿಸಿದೆವು.

ಆಮೇಲೆ ಅವರು ಪಾಠ ಶುರುಮಾಡಿದರು. ಬೇಸಾಯದ ಗಂಧ ಅವರಿಗೆ ಇರಲಿಲ್ಲ. ಹಿಂದಿನ ಬೆಂಚಿನ ರೈತರ ಮಕ್ಕಳನ್ನು ಕೇಳಿ ಕೇಳಿ ತಿದ್ದಿಕೊಳ್ಳುತ್ತ, ಬೋರ್ಡಿನ ಮೇಲೆ ಮೂರು ಸಾಲು ಬರೆದರು. ಐ ಹೋಪ್ ಎಂದರೆ ಮೋಡ ನೋಡುತ್ತ ನಿಂತಿದ್ದೀನಿ ಅಂತ. ಐ ಇಂಟೆಂಡ್ ಎಂದರೆ ನೇಗಿಲಿನ ಕುಳ ತಟ್ಟಿಸಿ ತಂದಿಟ್ಟುಕೊಂಡಿದ್ದೀನಿ ಅಂತ. ಐ ಆಮ್ ಗೋಯಿಂಗ್ ಟು ಎಂದರೆ ನೊಗಕ್ಕೆ ಎತ್ತು ಕಟ್ಟಿ ಆಯಿತು, ಇನ್ನು ಉಳುವುದೊಂದೇ. "ಮೋಡ ನೋಡ್ತಿರೋನು ಎತ್ತು ಕಟ್ಟಿದೀನಿ ಅಂತ ಬರೆದ್ರೆ ಅದು ಸುಳ್ಳು. ಎತ್ತು ಕಟ್ಟಿದೋನು ಮೋಡ ನೋಡ್ತಿದೀನಿ ಅಂತ ಬರೆದ್ರೆ ಅದು ಹೇಡಿತನ. ಎರಡಕ್ಕೂ ಸೊನ್ನೆ ಹಾಕ್ತೀನಿ. ನಾಳೆ ಮತ್ತೆ ಬರ್ಕೊಂಡು ಬನ್ನಿ."

ಹೇಡಿತನ ಎಂದಾಗ ಅವರು ನೋಡುತ್ತಿದ್ದದ್ದು ಕಿಟಕಿಯ ಕಡೆಗೆ. ನಾನು ಮಾತ್ರ ನನಗೇ ಅಂದರೆಂದು ತೆಗೆದುಕೊಂಡೆ. ಯಾರೂ ನನಗೆ ಅನ್ನದಿದ್ದರೂ ನಾನೇ ಅನ್ನಿಸಿಕೊಳ್ಳುವುದು ನನ್ನ ಹುಟ್ಟುಗುಣ.

ಅವತ್ತು ಸಂಜೆ ಹಿಂದಿನ ಪಡಸಾಲೆಯಲ್ಲಿ ಕೂತು ಮತ್ತೆ ಬರೆದೆ. ಈ ಸಲ ಪೆನ್ನು ತಾನೇ ಓಡಿತು. ಶಿವಮೊಗ್ಗದ ಕಾಲೇಜಿಗೆ ಸೇರುತ್ತೇನೆ. ಬಿ.ಎ. ಪಾಸು ಮಾಡುತ್ತೇನೆ. ಅದಕ್ಕೆ ಮುಂಚೆ ಮದುವೆ ಮಾಡಿಕೊಳ್ಳುವುದಿಲ್ಲ. ಯಾರು ಬಂದು ನೋಡಿಕೊಂಡು ಹೋದರೂ ಮಾಡಿಕೊಳ್ಳುವುದಿಲ್ಲ. ಒಂದೊಂದೂ ಎತ್ತು ಕಟ್ಟಿದ ವಾಕ್ಯ. ಹತ್ತನೆಯದಕ್ಕೆ ಏನೂ ತೋಚದೆ ಫೌಂಟನ್ ಪೆನ್ ಕೊಳ್ಳುತ್ತೇನೆ ಎಂದು ಬರೆದು ಮುಗಿಸಿದೆ. ಕನ್ನಡದಲ್ಲಾದರೆ ಇದರಲ್ಲಿ ಒಂದು ಮಾತನ್ನೂ ನಾನು ಗೋಡೆಯ ಮುಂದೆ ನಿಂತು ಕೂಡ ಹೇಳುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಯಾವ ಅಳುಕೂ ಆಗಲಿಲ್ಲ. ಆ ಭಾಷೆಯಲ್ಲಿ ನನಗೆ ಅಪ್ಪಯ್ಯ ಇರಲಿಲ್ಲ, ಅವ್ವ ಇರಲಿಲ್ಲ, ಓಣಿಯವರು ಇರಲಿಲ್ಲ. ಅದು ಧೈರ್ಯ ಎಂದು ಆಗ ಬಹಳ ಹೆಮ್ಮೆಪಟ್ಟೆ. ಯಾರಿಗೂ ಕೇಳಿಸದ ಕಡೆ ಕೂಗುವುದು ಎಂಥ ಧೈರ್ಯ?

ಮೇಷ್ಟ್ರು ಹತ್ತಕ್ಕೆ ಹತ್ತೂ ಕೆಂಪು ರೈಟು ಹಾಕಿ ಪುಸ್ತಕ ಹಿಂದಕ್ಕೆ ಕೊಟ್ಟರು.

ಅಪ್ಪಯ್ಯನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪಹಣಿ, ಜಮಾಬಂದಿ, ಕೋರ್ಟಿನ ಕಾಗದ ಎಲ್ಲ ಕನ್ನಡದಲ್ಲಿ ಅರೆದು ಕುಡಿದಿದ್ದರು. ಇಂಗ್ಲಿಷಿನಲ್ಲಿ ಅವರಿಗೆ ಗೊತ್ತಿದ್ದದ್ದು ರೈಟು ಮಾತ್ರ. ಒಮ್ಮೊಮ್ಮೆ ನನ್ನ ಪುಸ್ತಕ ತೆಗೆದು, ಯಾವ ಪುಟದಲ್ಲಿ ಕೆಂಪು ರೈಟು ಹೆಚ್ಚಿದೆಯೋ ಅದನ್ನು ಹುಡುಕಿ ನೋಡಿ, ಅವ್ವನಿಗೂ ತೋರಿಸಿ, ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಆ ಹತ್ತು ರೈಟಿನ ಪುಟಕ್ಕೆ ಒಂದು ಅಂಚೆ ಕಾರ್ಡು ಗುರುತಿಟ್ಟಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಭಯವಾಗುತ್ತಿತ್ತು. ಆದರೂ ಕಾರ್ಡು ತೆಗೆದು ಬೇರೆ ಪುಟಕ್ಕೆ ಇಡಲಿಲ್ಲ.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಸೊರಬದಿಂದ ನನ್ನನ್ನು ನೋಡಲು ಬಂದರು. ಹುಡುಗ, ಅವನ ತಾಯಿ, ಅವನ ತಂದೆ. ಹುಡುಗ ಆನವಟ್ಟಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ತಂದೆ ಸೊರಬದಲ್ಲಿ ವಕೀಲರೊಬ್ಬರ ಹತ್ತಿರ ಬಹಳ ವರ್ಷದಿಂದ ಗುಮಾಸ್ತರಾಗಿದ್ದವರು. ಹೊಲ ಮನೆ ಇದ್ದ ಒಳ್ಳೆಯ ಜನ. ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹುಡುಗಿ ನೋಡುವುದೆಂದರೆ ಆಗ ಹಾಡಿಸುವುದು, ನಡೆಸುವುದು, ಕೊನೆಗೆ ಅಕ್ಷರ ನೋಡುವುದು. ಸೊಸೆಯಾಗುವವಳು ನೆಂಟರಿಷ್ಟರಿಗೆ ಕಾಗದ ಬರೆಯುವಂತಿರಬೇಕು. ಸಾಮಾನ್ಯವಾಗಿ ಹುಡುಗಿಯ ಕೈಗೆ ಒಂದು ಹಾಳೆ ಕೊಟ್ಟು ಶ್ರೀ ಬರೆಸಿ, ನಾಲ್ಕು ಸಾಲು ಬರೆಸುತ್ತಿದ್ದರು. ನಾನು ಉಪ್ಪಿಟ್ಟಿನ ತಟ್ಟೆ ಇಟ್ಟು, ಹಾಡು ಹೇಳಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಹುಡುಗನ ತಾಯಿ "ಅಕ್ಷರ ಒಂದ್ಚೂರು ನೋಡ್ಬಹುದಾ?" ಅಂದರು. ನಾನು ಹಾಳೆ ತರಲು ತಿರುಗಿದೆ. ಅಷ್ಟರಲ್ಲಿ ಅಪ್ಪಯ್ಯ, "ಹಾಳೆ ಯಾಕೆ? ಬರ್ದಿದ್ದೇ ಐತೆ. ಕನ್ನಡ ಯಾರು ಬೇಕಾದ್ರೂ ಬರೀತಾರೆ" ಎಂದು ಗೂಡಿಗೆ ಕೈ ಹಾಕಿದರು.

ಅಂಚೆ ಕಾರ್ಡಿನ ತುದಿ ಕಾಣಿಸಿತು. ಅದಲ್ಲ ಅಪ್ಪಯ್ಯ, ಅದರ ಕೆಳಗಿನದು ತೋರಿಸಿ ಎನ್ನಬಹುದಿತ್ತು. ಕೆಳಗೆ ಚರಿತ್ರೆಯ ಪುಸ್ತಕ ಇತ್ತು, ಕನ್ನಡದ್ದು ಇತ್ತು. ಅನ್ನಲಿಲ್ಲ. ಭಯಕ್ಕೆ ಬಾಯಿ ಕಟ್ಟಿತು ಎಂದು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಅದು ಪೂರ್ತಿ ನಿಜವಲ್ಲ. ಯಾರಾದರೂ ಓದಲಿ, ನಾನು ಹೇಳಲಾರದ್ದನ್ನು ಪುಸ್ತಕವೇ ಹೇಳಿಬಿಡಲಿ ಎಂಬ ಆಸೆಯೂ ಮನಸ್ಸಿನ ಯಾವುದೋ ಮೂಲೆಯಲ್ಲಿ ಇತ್ತು. ಅಪ್ಪಯ್ಯನ ಕೈಯಿಂದಲೇ ಅದು ಹೋಗುತ್ತದೆಂಬುದನ್ನು ಮಾತ್ರ ಯೋಚಿಸಲಿಲ್ಲ.

ಗುಮಾಸ್ತರು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ಓದಿದರು. ಹುಡುಗ ಪಕ್ಕದಿಂದ ಇಣುಕಿದ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ ಎಂದು ಆಮೇಲೆ ತಿಳಿಯಿತು, ಅವತ್ತೇ ತಿಳಿದಿದ್ದರೆ ಅರ್ಧ ಬೆವರು ಉಳಿಯುತ್ತಿತ್ತು. ಓದಿ ಮುಗಿಸಿ ಅವರು ಒಂದು ಸಲ ನನ್ನ ಮುಖ ನೋಡಿದರು, ಆಮೇಲೆ ಎದುರಿಗೆ ನಗುತ್ತ ನಿಂತಿದ್ದ ಅಪ್ಪಯ್ಯನನ್ನು ನೋಡಿದರು.

"ಎಲ್ಲ ಸರಿ ಐತಲ್ರೀ?" ಎಂದರು ಅಪ್ಪಯ್ಯ.

"ಎಲ್ಲ ಸರಿ ಇದೆ. ಒಂದೂ ತಪ್ಪಿಲ್ಲ. ಅಕ್ಷರ ಮುತ್ತಿನ ಹಾಗಿದೆ" ಎಂದು ಅವರು ಕಾರ್ಡನ್ನು ಮತ್ತೆ ಅದೇ ಪುಟದಲ್ಲಿಟ್ಟು, ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಎಂಟು ದಿನಕ್ಕೆ ಸೊರಬದಿಂದ ಕಾಗದ ಬಂತು. ಜಾತಕ ಕೂಡಿಬರಲಿಲ್ಲ, ಅನ್ಯಥಾ ಭಾವಿಸಬಾರದು. ಅವ್ವ ಸುಮ್ಮನಾದಳು. ಅಪ್ಪಯ್ಯ ಸುಮ್ಮನಾಗಲಿಲ್ಲ. ಅವರು ಮೊದಲೇ ತಾಳಗುಂದದ ಜೋಯಿಸರ ಹತ್ತಿರ ಎರಡೂ ಜಾತಕ ತೋರಿಸಿಕೊಂಡು ಬಂದಿದ್ದರು. ಇಷ್ಟು ಚೆನ್ನಾಗಿ ಕೂಡುವುದೇ ಅಪರೂಪ ಎಂದು ಜೋಯಿಸರು ಹೇಳಿದ್ದರು. ಈಗ ಮತ್ತೆ ಹೋಗಿ ಕೇಳಿಕೊಂಡು ಬಂದರು. ಜೋಯಿಸರು ಮತ್ತೆ ಅದೇ ಮಾತು ಹೇಳಿ ಕಳಿಸಿದರು.

ಅಲ್ಲಿಂದ ಮುಂದೆ ಅಪ್ಪಯ್ಯ ಊಟ ಮಾಡುವಾಗ ಅರ್ಧಕ್ಕೆ ನಿಲ್ಲಿಸಿ ಏನೋ ಯೋಚಿಸುವುದು ಶುರುವಾಯಿತು. "ಹುಡುಗೀಲಿ ಏನು ಐಬು ಕಂಡ್ರಿ ಅಂತೀನಿ. ನಮ್ಮ ಮನೇಲಿ ಏನು ಕೊರತೆ ಕಂಡ್ರಿ" ಎಂದು ಅವ್ವನನ್ನು ಕೇಳುತ್ತಿದ್ದರು. ನನ್ನನ್ನು ಎದುರಿಗೆ ಕೂರಿಸಿಕೊಂಡು, "ನೀನೇನೂ ಮನಸ್ಸಿಗೆ ಹಚ್ಕೋಬ್ಯಾಡ ತಾಯಿ, ಅವರಿಗಿಂತ ಒಳ್ಳೇರು ಬರ್ತಾರೆ" ಎಂದು ಸಮಾಧಾನ ಮಾಡಿದರು. ನಾನು ತಲೆಯಾಡಿಸಿದೆ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಒಂದು ಬೆಳಿಗ್ಗೆ ಅವರು ಕೋಟು ಹಾಕಿ, ರುಮಾಲು ಸುತ್ತಿ ಹೊರಟರು. ಅವ್ವ ಬಾಗಿಲ ಹಿಂದಿನಿಂದ "ದೂರ ಏನ್ರೀ?" ಅಂದಳು. "ಹಂಗೇ" ಅಂದರು. ಅವ್ವ ರೊಟ್ಟಿ ಕಟ್ಟಿಕೊಟ್ಟಳು. ಸೊರಬಕ್ಕೇ ಇರಬೇಕೆಂದು ನನಗೆ ಒಂದು ಕ್ಷಣ ಅನುಮಾನ ಬಂತು. ಎಲ್ಲಿಗೆ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು, ತಿರುಗಿ ಬಂದು ಜಗಲಿಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಅಷ್ಟು ಹೊತ್ತು ನನಗೆ ಸಿಗುತ್ತಿತ್ತು, ಹೇಳಬೇಕಾದದ್ದನ್ನು ಹೇಳಬಹುದಿತ್ತು. ಯಾವ ಪದ್ಧತಿಯನ್ನು ನೋಡಿ ನಕ್ಕಿದ್ದೆನೋ ಅದನ್ನು ಮುರಿಯಲು ನನ್ನ ನಾಲಿಗೆ ಏಳಲಿಲ್ಲ.

ಸೊರಬದ ಬಸ್ಸು ಸಂಜೆ ಬರುತ್ತಿತ್ತು. ಅಪ್ಪಯ್ಯ ಅದರಲ್ಲೇ ಬಂದು, ಕಾಲು ತೊಳೆಯದೆ ಜಗಲಿಯ ಮೇಲೆ ಕೂತರು. ರೊಟ್ಟಿಯ ಗಂಟು ಕಟ್ಟಿದ ಹಾಗೇ ಇತ್ತು. ಅವ್ವ ತಂದಿಟ್ಟ ನೀರನ್ನೂ ಮುಟ್ಟಲಿಲ್ಲ.

"ಆ ಪುಸ್ತಕ ತಗಂಬಾ" ಅಂದರು.

ತಂದುಕೊಟ್ಟೆ. ಕಾರ್ಡು ಇಟ್ಟ ಪುಟ ತೆಗೆದು ನನ್ನ ಮುಂದೆ ಹಿಡಿದರು.

"ಸೊರಬಕ್ಕೆ ಹೋಗಿದ್ದೆ. ನಮ್ಮ ಹುಡುಗೀಲಿ ಏನು ಐಬು ಅಂತ ಕೇಳ್ದೆ. ಏನೂ ಐಬಿಲ್ಲ ಅಂದ್ರು. ನಾ ಬಿಡಲಿಲ್ಲ. ಕೊನಿಗೆ ಹೇಳಿದ್ರು. ನಿಮ್ಮ ಮಗಳು ಮದುವೆ ಬೇಡ, ಓದ್ತೀನಿ ಅಂತ ಬರೆದಿದ್ದನ್ನ ನೀವೇ ನನ್ನ ಕೈಗೆ ಕೊಟ್ರಿ, ಅದನ್ನ ಓದಿದ ಮೇಲೂ ಅವಳನ್ನ ತಂದ್ಕೊಳ್ಳೋದು ನ್ಯಾಯ ಅಲ್ಲ ಅಂದ್ರು. ಊಟಕ್ಕೆ ಕೂರಿಸಿದ್ರು. ಒಂದು ತುತ್ತು ಇಳೀಲಿಲ್ಲ."

ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪಯ್ಯ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ನನ್ನ ಮಗಳ ಮನಸಿನಾಗೆ ಏನೈತೆ ಅಂತ ನಾನು ಸೊರಬಕ್ಕೆ ಹೋಗಿ ತಿಳ್ಕಂಡು ಬರಬೇಕಾತು" ಅಂದರು. "ಓದು ಈಗ. ಕನ್ನಡದಾಗೆ ಓದು."

ಓದಿದೆ. ಹಾಗೆಂದು ಹೇಳುತ್ತೇನೆ, ಆದರೆ ನಾನು ಓದಿದ್ದು ಬೇರೆಯೇ. ಕಾಲೇಜಿಗೆ ಹೋದರೆ ಚೆನ್ನಾಗಿತ್ತು ಅಂತ ಆಸೆ ಇದೆ. ನೀವು ಕಳಿಸಿದರೆ ಓದಬೇಕು ಅಂತಿದ್ದೀನಿ. ಮದುವೆ ಸ್ವಲ್ಪ ತಡವಾದರೆ ಆಗಬಹುದೇನೋ. ಇಂಗ್ಲಿಷಿನಲ್ಲಿ ಕೊಂಬು ಕೊಡವುತ್ತಿದ್ದ ಎತ್ತುಗಳೆಲ್ಲ ಕನ್ನಡಕ್ಕೆ ಬಂದ ಕೂಡಲೇ ಮೋಡ ನೋಡುತ್ತ ನಿಂತುಬಿಟ್ಟವು.

ಅಪ್ಪಯ್ಯ ಕೈ ಎತ್ತಿ ತಡೆದರು. "ಅವರು ಹಿಂಗೆ ಹೇಳ್ಲಿಲ್ಲ. ಆಸೆ ಅಂತ ಅನ್ನಲಿಲ್ಲ ಅವರು. ಸೇರ್ತೀನಿ ಅಂತ ಬರ್ದಾಳೆ ಅಂದ್ರು. ಇಲ್ಲಿ ಬರ್ದಿದ್ದು ದಿಟಾನೋ, ನೀ ಈಗ ಹೇಳ್ತಿರೋದು ದಿಟಾನೋ?"

ಪುಸ್ತಕ ನೋಡಿದರೆ ಅಕ್ಷರ ಕಾಣುತ್ತಿರಲಿಲ್ಲ, ಕಣ್ಣು ತುಂಬಿತ್ತು. ಪುಸ್ತಕ ಮುಚ್ಚಿ ಕೆಳಗಿಟ್ಟೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಮೂರು ಸಾಲನ್ನು ಅವರಿಗೆ ಹೇಳಿದೆ. ಮೋಡದ ಮಾತು ಯಾವುದು, ಕುಳದ ಮಾತು ಯಾವುದು, ಎತ್ತು ಕಟ್ಟಿದ ಮಾತು ಯಾವುದು. ಶಾಲೆಯಲ್ಲಿ ಕಲಿತದ್ದನ್ನು ಮನೆಗೆ ತಂದು ಅಪ್ಪಯ್ಯನಿಗೆ ಬಿಡಿಸಿ ಹೇಳಿದ್ದು ಅದೇ ಮೊದಲ ಸಲ. ಅವರು ಕಿವಿಗೊಟ್ಟು ಕೇಳಿದರು, ಗದ್ದೆಯ ಕೆಲಸದ ಮಾತಾದ್ದರಿಂದ ನಡುವೆ ಒಂದು ಸಲ ತಲೆಯನ್ನೂ ತೂಗಿದರು.

"ಬರೆದಿರೋದು ಎತ್ತು ಕಟ್ಟಿದ ಮಾತು ಅಪ್ಪಯ್ಯ" ಅಂದೆ. "ಕಾಲೇಜಿಗೆ ಸೇರ್ತೀನಿ. ಬಿ.ಎ. ಮುಗಿಯೋ ತನಕ ಮದುವೆ ಆಗಲ್ಲ."

ಹೇಳಿ ಆಯಿತು. ಮನೆ ಬೀಳಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಕೂಗುತ್ತಿತ್ತು, ಅವ್ವ ಹಾಲು ಕರೆಯಲು ಹೋಗದೆ ಅಲ್ಲೇ ನಿಂತಿದ್ದಳು. ಈಗ ನೋಡಾಣ ಅನ್ನುತ್ತಾರೆ ಎಂದುಕೊಂಡೆ.

ಅಪ್ಪಯ್ಯ ನೋಡಾಣ ಅನ್ನಲಿಲ್ಲ. ಆಯಿತು ಎಂದೂ ಅನ್ನಲಿಲ್ಲ. ಚೊಂಬು ಎತ್ತಿ ನೀರು ಕುಡಿದು, ಬಾಯಿ ಒರೆಸಿಕೊಂಡು, "ಇನ್ನೊಂದ್ಸಲ ನನಗೆ ಬರದ ಭಾಷೇಲಿ ಎತ್ತು ಕಟ್ಬ್ಯಾಡ" ಎಂದು ಹೇಳಿ ಕಾಲು ತೊಳೆಯಲು ಎದ್ದು ಹೋದರು.

ಆ ಮಾತಿನಲ್ಲಿ ಒಪ್ಪಿಗೆ ಇತ್ತೋ ಬರೀ ನೋವಿತ್ತೋ, ನಾಲ್ಕು ತಿಂಗಳು ನನಗೆ ತಿಳಿಯಲಿಲ್ಲ. ಮತ್ತೆ ಯಾರೂ ನನ್ನನ್ನು ನೋಡಲು ಬರಲಿಲ್ಲ ಎಂಬುದಷ್ಟೇ ತಿಳಿದದ್ದು. ಪರೀಕ್ಷೆ ಬರೆದೆ, ಪಾಸಾದೆ. ಶಿವಮೊಗ್ಗದ ಮಾತನ್ನು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹೇಳಬೇಕಾದದ್ದನ್ನು ಒಂದು ಸಲ ಹೇಳಿದ್ದೆ. ಎರಡನೆಯ ಸಲ ಹೇಳಿದರೆ ಮೊದಲನೆಯದರ ಬೆಲೆ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿಕೆಗೂ ಒಂದು ಒಳ್ಳೆಯ ಹೆಸರು ಇಡುವುದರಲ್ಲಿ ನಾನು ಅಷ್ಟು ಹೊತ್ತಿಗೆ ಪಳಗಿದ್ದೆ.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದಾಗ ನಮ್ಮ ಕಬ್ಬಿಣದ ಟ್ರಂಕು ಜಗಲಿಯ ಮೇಲಿತ್ತು. ಅವ್ವ ಅದರೊಳಗೆ ನನ್ನ ಲಂಗ, ದಾವಣಿ, ಚಿಕ್ಕವ್ವನಿಗೆಂದು ಹಪ್ಪಳದ ಕಟ್ಟು ಎಲ್ಲ ಜೋಡಿಸಿ ಇಟ್ಟಿದ್ದಳು. ಅಪ್ಪಯ್ಯ ಕೋಟು ಹಾಕಿ ನಿಂತಿದ್ದರು. ಅವ್ವ ಈ ಸಲ ದೂರ ಏನ್ರೀ ಎಂದು ಕೇಳಲಿಲ್ಲ. ನನ್ನ ತಲೆ ಬಾಚಿ, ಹೂವು ಮುಡಿಸಿ, ರೊಟ್ಟಿಯ ಗಂಟನ್ನು ಕೈಗೆ ಕೊಟ್ಟಳು. ನಾನೂ ಯಾರನ್ನೂ ಏನೂ ಕೇಳಲಿಲ್ಲ.

ಅಪ್ಪಯ್ಯ ಟ್ರಂಕು ಹೊತ್ತು ಮುಂದೆ, ನಾನು ಹಿಂದೆ. ಬಸ್ ಸ್ಟ್ಯಾಂಡ್ ಹತ್ತಿರ ಶಿವಮೊಗ್ಗದ ಬಸ್ಸು ಆಗಲೇ ಹೊಗೆ ಬಿಡುತ್ತ ನಿಂತಿತ್ತು. ಎಲೆ ಅಡಿಕೆ ಅಂಗಡಿಯವನು ನಮ್ಮನ್ನು ನೋಡಿ, ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚುತ್ತಲೇ ಕೂಗಿದ, "ಎಲ್ಲಿಗೆ ಹೊಂಟ್ರಿ ಯಜಮಾನ್ರೇ, ಮಗಳನ್ನ ಕರ್ಕಂಡು?"

ನನ್ನ ಕಾಲು ಅಲ್ಲೇ ನಿಂತಿತು. ಇನ್ನು ಮನೆಗೆ ತಿರುಗಬೇಕು, ಕೂರಬೇಕು, ನೀರು ಕುಡಿಯಬೇಕು. ಬಸ್ಸು ಹೋಗುತ್ತದೆ. ಇವತ್ತು ಹೋದ ಬಸ್ಸು ನಾಳೆ ಬರುತ್ತದೆ, ಆದರೆ ನಾಳೆ ಅಪ್ಪಯ್ಯ ಕೋಟು ಹಾಕಿ ನಿಲ್ಲುತ್ತಾರೆಂದು ಯಾರು ಬಲ್ಲರು?

ಅಪ್ಪಯ್ಯ ತಿರುಗಿದರು. ಮನೆಯ ಕಡೆಗಲ್ಲ, ಅಂಗಡಿಯ ಕಡೆಗೆ. ಟ್ರಂಕನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ಬಸ್ಸಿಗೆ ಸಾಲಾಗಿ ನಿಂತಿದ್ದ ಜನರಿಗೆಲ್ಲ ಕೇಳುವಂತೆ, ತಮ್ಮ ಜನ್ಮದಲ್ಲೇ ಆಡದ ಮಾತು ಆಡಿದರು.

"ಶಿವಮೊಗ್ಗಕ್ಕೆ" ಅಂದರು. "ಮಗಳನ್ನ ಕಾಲೇಜಿಗೆ ಸೇರಿಸ್ತೀನಿ."